ಸಿಡಿಲು ಬಂತು, ಪ್ಲಗ್ಗು ಕೀಳಿ



ಅಶ್ವಿನಿ, ಭರಣಿ ಮಳೆಯ ಕಾಲ. ಸಂಜೆಯಾದರೆ ಮೋಡ ಕಟ್ಟುತ್ತದೆ. ಗುಡುಗು, ಮಿಂಚು, ಸಿಡಿಲು. ಮನೆಯ ಹಿರಿಯರು "ಅರ್ಜುನ, ಅರ್ಜುನ" ಅನ್ನುತ್ತಾರೆ. ಅನ್ನಲಿ, ನಾವು ಬೇಡ ಎನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಟಿವಿಯ ಪ್ಲಗ್ಗು ಕೀಳಬೇಕು.

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕ ಒಬ್ಬರು ಕಣ್ಣೀರು ಹಾಕಿದರು. "ಸ್ವಿಚ್ಚು ಆರಿಸಿದ್ದೆ ಟೀಚರ್, ಆದ್ರೂ ಟಿವಿ ಸುಟ್ಟು ಹೋಯ್ತು" ಅಂದರು. ಸಂಘದ ಸಾಲದಲ್ಲಿ ತಂದ ಟಿವಿ. ಟಿವಿ ಹೋಯಿತು, ಕಂತು ಉಳಿಯಿತು.

ಹೀಗೇಕಾಯಿತು? ಸಿಡಿಲು ನಮ್ಮ ಮನೆಯ ಮೇಲೇ ಬೀಳಬೇಕಾಗಿಲ್ಲ. ದೂರದ ಲೈಟುಕಂಬಕ್ಕೆ ಬಡಿದರೂ ಸಾಕು. ತಂತಿ ಹಿಡಿದು ಮನೆಯೊಳಗೆ ಬರುತ್ತದೆ. ಮನೆಯ ಕರೆಂಟು 230 ವೋಲ್ಟ್. ಸಿಡಿಲು ಬಡಿದರೆ ಅದೇ ತಂತಿಯಲ್ಲಿ ಸಾವಿರಾರು ವೋಲ್ಟ್! ಕೆರೆ ಒಡೆದು ಸಣ್ಣ ಕಾಲುವೆಗೆ ನುಗ್ಗಿದ ಹಾಗೆ. ಸ್ವಿಚ್ಚಿನ ಒಳಗಿನ ಸಂದು ಎಷ್ಟು? ಒಂದು ಕಾಳಿನಷ್ಟು. ಮುಗಿಲಿನಿಂದ ನೆಲಕ್ಕೆ ಹಾರಿದ ಸಿಡಿಲಿಗೆ ಅದು ಯಾವ ಲೆಕ್ಕ? ಫ್ಯೂಸು ಸುಡುವಷ್ಟರಲ್ಲಿ ಟಿವಿ ಸುಟ್ಟಿರುತ್ತದೆ. "ಸ್ಟೆಬಿಲೈಜರ್ ಇದೆ ಬಿಡಿ" ಅನ್ನಬೇಡಿ. ಅದು ಕರೆಂಟು ಏರಿಳಿತಕ್ಕೆ ಸರಿ, ಸಿಡಿಲಿಗೆ ಅಲ್ಲ.

ಮೋಡ ಕಪ್ಪಾಗುತ್ತಿದ್ದಂತೆ ಪ್ಲಗ್ಗು ಕಿತ್ತುಬಿಡಿ. ಟಿವಿ, ಫ್ರಿಜ್ಜು, ಮಿಕ್ಸಿ, ಮೊಬೈಲ್ ಚಾರ್ಜರ್, ಎಲ್ಲ. ಮಾಳಿಗೆ ಮೇಲಿನ ಡಿಶ್ ತಂತಿಯನ್ನೂ ಟಿವಿ ಪೆಟ್ಟಿಗೆಯಿಂದ ಬಿಚ್ಚಿ. ಅದನ್ನು ಮರೆಯುವವರೇ ಹೆಚ್ಚು. ಆ ದಾರಿಯಲ್ಲೂ ಸಿಡಿಲು ಬರುತ್ತದೆ.

ತಡವಾಯಿತೇ? ಮಿಂಚು ಕಂಡ ಕೂಡಲೇ ಒಂದು, ಎರಡು, ಮೂರು ಅಂತ ಎಣಿಸಿ. ಮೂರು ಎಣಿಸಿದಾಗ ಗುಡುಗಿದರೆ ಸಿಡಿಲು ಸುಮಾರು 1 ಕಿಲೋಮೀಟರು ದೂರ. 30 ಎಣಿಸುವ ಮೊದಲೇ ಗುಡುಗಿತೇ? ಹಾಗಾದರೆ ಹತ್ತಿರವೇ ಇದೆ. ಈಗ ಪ್ಲಗ್ಗು, ತಂತಿ, ನಲ್ಲಿ ಮುಟ್ಟಬೇಡಿ. ಟಿವಿ ಹೋದರೆ ಹೋಗಲಿ. ಚಾರ್ಜಿಗೆ ಹಾಕಿದ ಮೊಬೈಲಿನಲ್ಲಿ ಮಾತನಾಡಲೂ ಬೇಡಿ. ಚಾರ್ಜಿಗೆ ಹಾಕದ ಮೊಬೈಲು ಸಿಡಿಲನ್ನು ಕರೆಯುತ್ತದೆ ಎನ್ನುವುದು ಮಾತ್ರ ಸುಳ್ಳು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೆ ಪ್ಲಗ್ಗು ಹಾಕಿ.

ಮನೆಗೆ ಅರ್ಥಿಂಗ್ ಇದೆಯೇ ನೋಡಿ. ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿ ಹಿತ್ತಲಲ್ಲಿದ್ದರೆ ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕಿ. ಒಣಗಿದ ಗುಂಡಿ ಕೆಲಸ ಮಾಡುವುದಿಲ್ಲ.

ಓದಿ, ಬರೆಯಿರಿ: ಮಿಂಚು, ಸ್ವಿಚ್ಚು, ಪ್ಲಗ್ಗು, ಕಂಬ, ಕಂತು.

ನಿಮ್ಮ ಮನೆಯಲ್ಲಿ ಎಷ್ಟು ಪ್ಲಗ್ಗುಗಳಿವೆ? ಎಣಿಸಿ ಬರೆಯಿರಿ.