ಬಿಳಲೇ ಕಂಬವಾಗುವ ಬಗೆ

ಚಿಕ್ಕೋಡಿ ಸೀಮೆಯ ಕಬ್ಬೂರಿನಂತಹ ಊರುಗಳಿಂದ ಬೆಂಗಳೂರು, ಮೈಸೂರುಗಳ ಪ್ರವಾಸಕ್ಕೆ ಹೊರಡುವ ವಿದ್ಯಾರ್ಥಿಗಳು ಅರಮನೆಯನ್ನೂ ಮೃಗಾಲಯವನ್ನೂ ನೋಡಲು ಮರೆಯುವುದಿಲ್ಲ. ಆದರೆ ಬೆಂಗಳೂರಿನಿಂದ ಮೈಸೂರಿನ ಮಾರ್ಗವಾಗಿ ಸಾಗಿ, ಕುಂಬಳಗೋಡಿನ ಬಳಿ ಬಲಕ್ಕೆ ತಿರುಗಿ, ರಾಮೋಹಳ್ಳಿಯ ಸಮೀಪದ ಕೇತೋಹಳ್ಳಿಗೆ ಹೋದರೆ ಅಲ್ಲೊಂದು ಮರವಿದೆ. ಅದರ ನೆರಳಿನಲ್ಲಿ ಒಂದು ಗಂಟೆ ಕಳೆದವರಿಗೆ ಸಸ್ಯಶಾಸ್ತ್ರದ ಒಂದು ಅಧ್ಯಾಯವೇ ತೆರೆದಂತಾಗುತ್ತದೆ. ಅದೇ ‘ದೊಡ್ಡ ಆಲದ ಮರ’.

ಸುಮಾರು ೩ ಎಕರೆ ನೆಲವನ್ನು ಆವರಿಸಿರುವ ಈ ಮರಕ್ಕೆ ೪೦೦ ವರ್ಷ ವಯಸ್ಸೆಂದು ಹೇಳುವುದು ವಾಡಿಕೆ. ಹೊಸದಾಗಿ ಬಂದವರು ಮೊದಲು ಹುಡುಕುವುದು ಮೂಲಕಾಂಡವನ್ನು. ಅದು ಈಗ ಇಲ್ಲ. ೨೦೦೦ದ ಈಚಿನ ವರ್ಷಗಳಲ್ಲಿ ರೋಗ ತಗಲಿ ಅದು ನಾಶವಾಯಿತು. ಇಂದು ನಮ್ಮ ಕಣ್ಣಿಗೆ ತೋಪಿನಂತೆ ಕಾಣುವ ಕಾಂಡಗಳೆಲ್ಲ ಒಂದೇ ಮರದ ಬಿಳಲುಗಳು. ಕಾಂಡ ಸತ್ತರೂ ಮರ ಉಳಿದುದು ಹೇಗೆ?

ಒಂದು ಬಿಂದಿಗೆ ನೀರನ್ನು ಎದೆಗೆ ಅವಚಿಕೊಂಡು ನಿಲ್ಲುವುದು ಸುಲಭ. ಅದನ್ನೇ ಕೈ ನೀಡಿ ಹಿಡಿದರೆ ಕ್ಷಣದಲ್ಲಿ ತೋಳು ಸೋಲುತ್ತದೆ. ಕೊಂಬೆಯ ಸ್ಥಿತಿಯೂ ಹೀಗೆಯೇ. ಅದು ಉದ್ದವಾದಷ್ಟೂ ಕಾಂಡಕ್ಕೆ ಸೇರುವ ಬುಡದಲ್ಲಿ ಒತ್ತಡ ಹೆಚ್ಚುತ್ತದೆ. ಆದುದರಿಂದ ಸಾಮಾನ್ಯ ಮರಗಳು ಬಹು ದೂರ ಅಡ್ಡಲಾಗಿ ಹರಡಲಾರವು. ಆಲವಾದರೋ ಕೊಂಬೆಯಿಂದಲೇ ಬೇರುಗಳನ್ನು ಇಳಿಬಿಡುತ್ತದೆ. ಮೊದಲು ಇವು ದಾರದಂತೆ ಸಪೂರವಾಗಿ, ಗಾಳಿಗೆ ತೂಗಾಡುತ್ತಿರುತ್ತವೆ. ನೆಲವನ್ನು ಮುಟ್ಟಿದೊಡನೆ ಮಣ್ಣಿನೊಳಗೆ ಕವಲೊಡೆದು, ನೀರನ್ನೂ ಲವಣಗಳನ್ನೂ ಹೀರತೊಡಗುತ್ತವೆ. ವರ್ಷಗಳು ಕಳೆದಂತೆ ಅವುಗಳಲ್ಲಿ ಮರ ಬಲಿತು ಕಂಬವಾಗುತ್ತವೆ. ಇದೇ ಕುಲದ ‘ಫೈಕಸ್ ಬೆಂಜಮಿನ’ ಎಂಬ ಮರದಲ್ಲಿ, ನೆಲ ಹಿಡಿದ ಬಿಳಲು ಸಂಕೋಚಗೊಂಡು ತಂತಿಯಂತೆ ಬಿಗಿಯಾಗುವುದನ್ನು ೧೯೬೮ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು.

ಹೀಗೆ ಬಿಳಲು ಕೊಂಬೆಗೆ ಊರೆಯೂ ಹೌದು, ನೀರುಣಿಸುವ ಬಾಯಿಯೂ ಹೌದು. ತನ್ನದೇ ಬಿಳಲುಗಳನ್ನು ಪಡೆದ ಕೊಂಬೆಗೆ ಮೂಲಕಾಂಡದ ಹಂಗಿಲ್ಲ. ಕಲ್ಕತ್ತೆಯ ಎದುರಿನ ಹೌರಾದ ಸಸ್ಯೋದ್ಯಾನದಲ್ಲಿರುವ ಮಹಾ ಆಲವೂ ಇದಕ್ಕೆ ಸಾಕ್ಷಿ. ೧೮೬೪ ಮತ್ತು ೧೮೬೭ರ ಚಂಡಮಾರುತಗಳಿಂದ ಗಾಯಗೊಂಡ ಅದರ ಕಾಂಡಕ್ಕೆ ಶಿಲೀಂಧ್ರ ತಗಲಿತು. ೧೯೨೫ರಲ್ಲಿ ಅದನ್ನು ಕಡಿದು ತೆಗೆದರು. ಮರ ಇಂದಿಗೂ ಹರಡುತ್ತಲೇ ಇದೆ.

ಹಾಗಾದರೆ ಆಲಕ್ಕೆ ಸಾವೇ ಇಲ್ಲವೆ? ಹಾಗೆ ತಿಳಿಯುವುದು ತಪ್ಪು. ೨೦೨೪ರ ಜೂನ್ ತಿಂಗಳಿನ ಭಾರಿ ಮಳೆಗೆ ಕೇತೋಹಳ್ಳಿಯ ಮರದ ಒಂದು ಭಾಗ ಉರುಳಿಬಿದ್ದಿತು. ನೆಲ ನೆನೆದು ಸಡಿಲವಾದಾಗ ಬೇರುಗಳ ಹಿಡಿತ ಕುಗ್ಗುತ್ತದೆ. ಒದ್ದೆಯಾದ ಎಲೆಗೊಂಬೆಗಳ ಭಾರ ಹೆಚ್ಚುತ್ತದೆ. ಹಳೆಯ ಕಂಬಗಳು ಬೀಳುವ ವೇಗಕ್ಕೆ ಸರಿಯಾಗಿ ಹೊಸ ಕಂಬಗಳು ಏಳುತ್ತಿದ್ದರೆ ಮಾತ್ರ ಮರ ಬಾಳೀತು.

ಇಲ್ಲಿಯೇ ಪ್ರವಾಸಿಗಳ ಹೊಣೆ ಇರುವುದು. ಎಳೆಯ ಬಿಳಲು ಕೈಗೆಟಕಿದೊಡನೆ ಅದನ್ನು ಹಿಡಿದು ಉಯ್ಯಾಲೆಯಾಡುವವರೇ ಹೆಚ್ಚು. ತುದಿ ಮುರಿದ ಬಿಳಲು ನೆಲ ಸೇರುವುದು ತಡವಾಗುತ್ತದೆ. ಸೇರುವ ನೆಲವೂ ಸಾವಿರಾರು ಕಾಲುಗಳ ತುಳಿತದಿಂದ ಗಟ್ಟಿಯಾಗಿ, ಮಣ್ಣಿನ ಕಣಗಳ ನಡುವೆ ಗಾಳಿ, ನೀರುಗಳಿಗೆ ಎಡೆಯಿಲ್ಲದಂತಾಗುತ್ತದೆ. ತೆಲಂಗಾಣದ ಮಹಬೂಬನಗರದ ‘ಪಿಲ್ಲಲಮರ್ರಿ’ ಆಲಕ್ಕೆ ಗೆದ್ದಲು ಹತ್ತಿ ಕೊಂಬೆಗಳು ಬಿದ್ದಾಗ, ೨೦೧೭ರ ಕೊನೆಯಲ್ಲಿ ಜನರ ಪ್ರವೇಶವನ್ನೇ ನಿಲ್ಲಿಸಬೇಕಾಯಿತು. ಮುಂದಿನ ವರ್ಷ, ರೋಗಿಗೆ ಲವಣಜಲವನ್ನು ಹನಿಹನಿಯಾಗಿ ಏರಿಸುವಂತೆ, ಕಾಂಡಕ್ಕೆ ಕೀಟನಾಶಕದ ದ್ರಾವಣವನ್ನು ಹನಿಸಿದರು.

ಈ ಪಾಠವನ್ನು ಪರೀಕ್ಷಿಸಲು ಕೇತೋಹಳ್ಳಿಗೇ ಹೋಗಬೇಕೆಂದಿಲ್ಲ. ನಿಮ್ಮೂರಿನ ರಸ್ತೆಯ ಬದಿಯಲ್ಲೋ ಗುಡಿಯ ಮುಂದೆಯೋ ಇರುವ ಆಲದಲ್ಲಿ ಒಂದು ಎಳೆಯ ಬಿಳಲನ್ನು ಗುರುತಿಸಿರಿ. ಅದರ ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ, ಅದರ ಸುತ್ತಳತೆ ಎಷ್ಟು ಎಂಬುದನ್ನು ಮೂರು ತಿಂಗಳಿಗೊಮ್ಮೆ ಬರೆದಿಡಿರಿ. ಅದು ನೆಲ ಮುಟ್ಟಿದ ಮೇಲೆ ಸುತ್ತಳತೆ ಬೆಳೆಯುವ ವೇಗವನ್ನು ಹಿಂದಿನ ವೇಗದೊಡನೆ ಹೋಲಿಸಿರಿ. ಅಲ್ಲಿಯವರೆಗೆ ಅದನ್ನು ಯಾರೂ ಜಗ್ಗದಂತೆ ಕಾಯುವುದೂ ನಿಮ್ಮ ಪ್ರಯೋಗದ ಭಾಗವೇ.