ಬಡ್ಡಿ ಎಷ್ಟು ದೂರ ಹೋಗುತ್ತೋ ಅಷ್ಟು ದೂರ

ಜನವರಿ ಒಂದನೇ ತಾರೀಖು ನನ್ನ ಅಂಚೆ ಕಚೇರಿ ಖಾತೆಗೆ 61,500 ರೂಪಾಯಿ ಬೀಳುತ್ತದೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು ಇಡಬಹುದಾದ ಗರಿಷ್ಠ ಮೊತ್ತವನ್ನು 2023ರಲ್ಲಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದರು. ನಿವೃತ್ತಿಯಾದಾಗ ಕೈಗೆ ಬಂದ ಗ್ರಾಚ್ಯುಟಿ, ರಜೆ ನಗದೀಕರಣ, ಪಿಂಚಣಿ ಪರಿವರ್ತನೆಯ ದುಡ್ಡನ್ನೆಲ್ಲ ಒಟ್ಟು ಮಾಡಿ ಅಲ್ಲಿಟ್ಟೆ. ಆಗಿನ ದರ ಶೇ 8.2. ಇಟ್ಟ ದಿನದ ದರವೇ ಐದು ವರ್ಷವೂ ನಡೆಯುತ್ತದೆ, ಮಧ್ಯೆ ಸರ್ಕಾರ ದರ ಇಳಿಸಿದರೂ ನಮಗೆ ತಟ್ಟುವುದಿಲ್ಲ. ಇದರ ಜೊತೆಗೆ ಗಂಡ ಹೆಂಡತಿ ಇಬ್ಬರ ಹೆಸರಿನ ಮಾಸಿಕ ಆದಾಯ ಖಾತೆಯೊಂದಿದೆ. ಜಂಟಿ ಖಾತೆಯ ಮಿತಿ 15 ಲಕ್ಷ, ಶೇ 7.4ರಂತೆ ತಿಂಗಳಿಗೆ 9,250 ಬರುತ್ತದೆ. ಮನೆ ಖರ್ಚಿಗೆ ಪಿಂಚಣಿಗಳಿವೆ. ಹಾಗಾಗಿ ಚಳಿಗಾಲದ ಮೂರು ತಿಂಗಳ ಬಡ್ಡಿ, ಅಂದರೆ 89,250 ರೂಪಾಯಿ, ನಮ್ಮ ತಿರುಗಾಟದ್ದು. ಅದರ ಮೇಲೆ ಒಂದು ರೂಪಾಯಿಯನ್ನೂ ಅಸಲಿನಿಂದ ತೆಗೆಯುವಂತಿಲ್ಲ. ಈ ಕಾನೂನು ಮಾಡಿದವರು ನಮ್ಮ ಮನೆಯವರು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದವರು. ಔಷಧಿ ಸ್ಟಾಕು ಬರೆದ ಕೈಯಲ್ಲೇ ಈಗ ನಮ್ಮ ಲೆಕ್ಕ ಬರೆಯುತ್ತಾರೆ.

ಈ ದುಡ್ಡಿನಲ್ಲಿ ರಾಜಸ್ಥಾನದ ಗಡಿ, ಕಛ್‌ನ ರಣ ನೋಡಿ ಬಂದಿದ್ದೇವೆ ಅಂದರೆ ನಮ್ಮ ನಾಗಮಂಗಲ ತಾಲೂಕಿನವರಿಗೆ ನಗು. "ಅಲ್ಲ ಮೇಷ್ಟ್ರೇ, ಮಳೆ ಇಲ್ದಿರೋ ಊರು ನೋಡಕ್ಕೆ ಅಷ್ಟು ದೂರ ಯಾಕೋಗಬೇಕಿತ್ತು? ದೇವಲಾಪುರದಲ್ಲೇ ಕೂತಿದ್ರೆ ಆಯ್ತಿತ್ತಲ್ಲ" ಎಂದು ಅರಳಿಕಟ್ಟೆಯಲ್ಲಿ ಕೇಳಿದವರಿದ್ದಾರೆ. ಮಂಡ್ಯ ಜಿಲ್ಲೆ ಅಂದರೆ ಕಬ್ಬು, ಭತ್ತ, ಕನ್ನಂಬಾಡಿ ನೀರು ಎಂದುಕೊಳ್ಳುವವರಿಗೆ ನಮ್ಮ ರಾಗಿ ಹೊಲ, ತೆಂಗು, ಹುರುಳಿ ಗೊತ್ತಿರುವುದಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರದ ನೆಂಟರು ನಮ್ಮನ್ನು ಒಣಸೀಮೆಯವರು ಅಂತಲೇ ಕರೆಯುವುದು.

ನನ್ನ ತಲೆಯಲ್ಲಿ ಮೊದಲು ಹೊಕ್ಕಿದ್ದು ಮೋಟಾರ್‌ಹೋಮ್. ಮಲಗಲು ಹಾಸಿಗೆ, ಅಡುಗೆಗೆ ಒಲೆ, ಸಣ್ಣದೊಂದು ಶೌಚಾಲಯ ಇರುವ ವ್ಯಾನು. ಅಮೆರಿಕದಲ್ಲಿ ನಿವೃತ್ತರಾದ ದಂಪತಿಗಳು ಚಳಿಗಾಲ ಬಂದರೆ ಇಂಥ ಗಾಡಿಯ ಹಿಂದೆ ಮೋಟಾರ್ ಸೈಕಲ್ ಕಟ್ಟಿಕೊಂಡು ಮೆಕ್ಸಿಕೊ ಗಡಿಯ ಅರಿಜೋನಾ ಮರುಭೂಮಿಗೆ ಇಳಿಯುತ್ತಾರೆ. ಅಲ್ಲಿ ಗಾಡಿ ನಿಲ್ಲಿಸಿ, ಬೈಕಿನಲ್ಲಿ ಸುತ್ತು. ನಮ್ಮಲ್ಲೂ ಯಾಕಾಗಬಾರದು ಅನ್ನಿಸಿತ್ತು. ಮನೆಯವರು ಕೇಳಿದ್ದು ಒಂದೇ ಮಾತು: "ಬಂದ್ಮೇಲೆ ಎಲ್ಲಿ ನಿಲ್ಲಿಸ್ತೀರಿ, ಕೊಟ್ಟಿಗೇಲಾ?"

ಪ್ರಶ್ನೆ ಜಾಗದ್ದಾಗಿದ್ದರೂ ಉತ್ತರ ದುಡ್ಡಿನದು. ಎಲ್ಲ ಸೇರಿ 25 ಲಕ್ಷದ ಗಾಡಿ ಎಂದಿಟ್ಟುಕೊಳ್ಳಿ. ಅದೇ 25 ಲಕ್ಷ ಶೇ 8.2ರಲ್ಲಿ ಕೂತಿದ್ದರೆ ವರ್ಷಕ್ಕೆ 2,05,000 ತರುತ್ತದೆ. ಅಂದರೆ ಗಾಡಿ ಕೊಟ್ಟಿಗೆಯಲ್ಲಿ ನಿಂತ ಪ್ರತಿ ದಿನ, ಕೀಲಿ ತಿರುಗಿಸದೆಯೇ, 560 ರೂಪಾಯಿ ತಿನ್ನುತ್ತದೆ. ಇನ್ನು ಸವಕಳಿ. ವಿಮೆಗೆ ಗಾಡಿಯ ಬೆಲೆ ಕಟ್ಟುವ ಪಟ್ಟಿಯಲ್ಲಿ ನಾಲ್ಕು ದಾಟಿ ಐದನೇ ವರ್ಷ ತುಂಬುವ ಹೊತ್ತಿಗೆ ಶೇ 50 ಕಳೆಯುತ್ತಾರೆ. ಹನ್ನೆರಡೂವರೆ ಲಕ್ಷ ಹೋಯಿತು, ವರ್ಷಕ್ಕೆ 2,50,000. ಎರಡೂ ಸೇರಿದರೆ 4,55,000. ವಿಮೆ ಕಂತು, ತೆರಿಗೆ, ಟೈರು, ಬ್ಯಾಟರಿ ಇನ್ನೂ ಹೊರಗಿವೆ. ವರ್ಷದಲ್ಲಿ ಅರವತ್ತು ದಿನ ಬಳಸಿದರೂ ದಿನಕ್ಕೆ 7,583 ರೂಪಾಯಿ ಬಿತ್ತು, ಡೀಸೆಲ್ ಹಾಕುವ ಮುಂಚೆಯೇ. ನಾನು ವಿಚಾರಿಸಿದಾಗ ಚಾಲಕನ ಸಮೇತ ಬಾಡಿಗೆ ಕ್ಯಾರವಾನ್ ದಿನಕ್ಕೆ 9,000ಕ್ಕೆ ಒಪ್ಪಿತು. 4,55,000ವನ್ನು 9,000ದಿಂದ ಭಾಗಿಸಿ ನೋಡಿ: ವರ್ಷಕ್ಕೆ ಐವತ್ತು ದಿನಕ್ಕಿಂತ ಕಡಿಮೆ ತಿರುಗುವವರು ಕೊಂಡರೆ ನಷ್ಟ. ನಮ್ಮಂಥ ಹೊಲ ಮನೆ ಇರುವವರು ಐವತ್ತು ದಿನ ಊರು ಬಿಟ್ಟು ಗಾಡಿಯಲ್ಲೇ ಇರುತ್ತೇವೆಯೇ?

ಹಳೆಯ ಟೆಂಪೊ ಟ್ರಾವೆಲರ್ ಕೊಂಡು ಗ್ಯಾರೇಜಿನಲ್ಲಿ ಒಳಗೆ ಹಾಸಿಗೆ ಕೂರಿಸಿಕೊಳ್ಳಿ, ಅರ್ಧ ದುಡ್ಡಿಗೆ ಮುಗಿಯುತ್ತದೆ ಎಂದು ಹೇಳುವವರು ಮಂಡ್ಯದಲ್ಲೂ ಇದ್ದಾರೆ, ಮೈಸೂರಿನಲ್ಲೂ ಇದ್ದಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅವರ ನೆನಪಿನಲ್ಲಿರುವುದಿಲ್ಲ. ನೋಂದಣಿ ಪುಸ್ತಕದಲ್ಲಿ ಇರುವುದಕ್ಕೂ ಗಾಡಿಗೂ ತಾಳೆಯಾಗದಂತೆ ಮನಸ್ಸಿಗೆ ಬಂದ ಹಾಗೆ ಬದಲಾಯಿಸುವಂತಿಲ್ಲ. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಎಂಬ ವರ್ಗವೇ ಕೇಂದ್ರದ ಪಟ್ಟಿಯಲ್ಲಿದೆ, ಹಾಗೆ ನೋಂದಣಿ ಆಗಬೇಕು. ಆಗದೆ ಹೊರಟು, ಒಳಗಿನ ಗ್ಯಾಸ್ ಒಲೆಯಿಂದ ಬೆಂಕಿ ಹತ್ತಿದರೆ ವಿಮಾ ಕಂಪನಿಯವರು ಮೊದಲು ಕೇಳುವುದು ಪರಿಹಾರದ ಅರ್ಜಿಯನ್ನಲ್ಲ, ಆ ಕಾಗದವನ್ನು.

ಬಡ್ಡಿಯಲ್ಲೇ ತಿರುಗುವ ಕಲ್ಪನೆ ನಮ್ಮ ಸ್ವಂತದ್ದೇನಲ್ಲ. ಮೈಸೂರಿನ ಡಿ. ಕೃಷ್ಣಕುಮಾರ್ ಅವರ ಸುದ್ದಿ ಓದಿರುತ್ತೀರಿ. ಬೇಲೂರು ಹಳೇಬೀಡನ್ನೂ ನೋಡಿರಲಿಲ್ಲ ಎಂದ ತಾಯಿ ಚೂಡಾರತ್ನಮ್ಮನವರನ್ನು ಹಿಂದೆ ಕೂರಿಸಿಕೊಂಡು, ತಂದೆ ಕೊಡಿಸಿದ್ದ ಬಜಾಜ್ ಚೇತಕ್ ಸ್ಕೂಟರಿನಲ್ಲಿ 2018ರ ಜನವರಿಯಲ್ಲಿ ಹೊರಟವರು. ದುಡಿದು ಉಳಿಸಿದ್ದನ್ನು ತಾಯಿಯ ಹೆಸರಿನಲ್ಲಿಟ್ಟು, ಅದರ ಬಡ್ಡಿಯಲ್ಲಿ ದಾರಿ ಖರ್ಚು ತೂಗಿಸುತ್ತಿರುವುದಾಗಿ ಅವರು ಹೇಳಿಕೊಂಡಿದ್ದಾರೆ. ತಂಗುವುದು ಮಠ, ದೇವಸ್ಥಾನ, ಛತ್ರಗಳಲ್ಲಿ. ಎಲ್ಲರೂ ಆ ಮಗನ ಭಕ್ತಿಯನ್ನು ಹೊಗಳಿದರು, ಹೊಗಳಬೇಕಾದ್ದೇ. ನನಗೆ ಹೆಚ್ಚು ಹಿಡಿಸಿದ್ದು ಅವರ ಲೆಕ್ಕ.

ಹಾಗಾಗಿ ಗಾಡಿಯ ಪೈಕಿ ನಮ್ಮದು ಬೈಕು ಮಾತ್ರ, ಮನೆಯಂಥ ಗಾಡಿ ಬೇಕಾದಾಗ ಬಾಡಿಗೆಗೆ. ಮೈಸೂರಿನ ಕಾರ್ಖಾನೆಯಲ್ಲೇ ತಯಾರಾದ ಯೆಜ್ಡಿಯೊಂದು ಹಿತ್ತಲಲ್ಲಿ ನಿಂತಿದೆ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು, ನನ್ನ ಮೋಹ ಮಾತ್ರ ಮುಚ್ಚಿಲ್ಲ. ಆದರೂ ಮರಳುಗಾಡಿಗೆ ಕೊಂಡೊಯ್ದದ್ದು 125 ಸಿಸಿ ಹೋಂಡಾ ಶೈನ್. ಪೋಖ್ರಾನಿನಲ್ಲಿ ಕ್ಲಚ್ ವೈರ್ ಕಿತ್ತರೆ ಪೋಖ್ರಾನಿನಲ್ಲೇ ಸಿಗುವ ಗಾಡಿ ಬೇಕು.

ಬೈಕು ಬೆಂಗಳೂರಿನಿಂದ ಜೋಧಪುರಕ್ಕೆ ನಮ್ಮ ರೈಲಿನಲ್ಲೇ ಹೋಯಿತು. ಟಿಕೆಟ್ ಇದ್ದವರು ಲಗೇಜ್ ಲೆಕ್ಕದಲ್ಲಿ ಬುಕ್ ಮಾಡಬಹುದು, ಇಲ್ಲದವರಿಗೆ ಪಾರ್ಸೆಲ್. ಆರ್‌ಸಿ ನಕಲು, ಗುರುತಿನ ಚೀಟಿ ಬೇಕು. ಟ್ಯಾಂಕಿನಲ್ಲಿ ಒಂದು ತೊಟ್ಟು ಪೆಟ್ರೋಲ್ ಇರಬಾರದು. ಗೋಣಿ, ಹುಲ್ಲು ಸುತ್ತಿ ಕಟ್ಟುವವರು ನಿಲ್ದಾಣದ ಹೊರಗೇ ಇರುತ್ತಾರೆ. ಕಟ್ಟುವ ಮುಂಚೆ ಚೌಕಾಸಿ ಮಾಡಿ, ಕಟ್ಟಿದ ಮೇಲೆ ಬಾಯಿ ನಡೆಯುವುದಿಲ್ಲ. ಅತ್ತ ಇಳಿದ ಮೇಲೆ ಬೇಗ ಬಿಡಿಸಿಕೊಳ್ಳದಿದ್ದರೆ ವಾರ್ಫೇಜ್ ಎಂಬ ಶುಲ್ಕ ಏರುತ್ತಾ ಹೋಗುತ್ತದೆ. ನಮ್ಮ ಟಿಕೆಟ್ಟು ಪೂರಾ ದರದ್ದು. 2020ರ ಮಾರ್ಚ್‌ವರೆಗೆ ಅರವತ್ತು ದಾಟಿದ ಗಂಡಸರಿಗೆ ಶೇ 40, ಐವತ್ತೆಂಟು ದಾಟಿದ ಹೆಂಗಸರಿಗೆ ಶೇ 50 ರಿಯಾಯಿತಿ ಇತ್ತು. ಕೋವಿಡ್ ಹೊತ್ತಿನಲ್ಲಿ ನಿಂತದ್ದು ನಿಂತೇ ಹೋಯಿತು. ನಾವು ಅರವತ್ತು ಮುಟ್ಟುವುದನ್ನೇ ಕಾಯುತ್ತಿದ್ದರೋ ಏನೋ.

ಹೊರಡುವ ಮುಂಚೆ ಮೂರು ಕಾಗದ ನೋಡಿಕೊಂಡಿದ್ದೆ. ಪಿಂಚಣಿದಾರರ ಜೀವಂತ ಪ್ರಮಾಣಪತ್ರ ನವೆಂಬರಿನಲ್ಲೇ ಮುಗಿಸಬೇಕು. ಐವತ್ತೈದು ದಾಟಿದವರಿಗೆ ಚಾಲನಾ ಪರವಾನಗಿ ಐದೈದು ವರ್ಷಕ್ಕೆ ಮಾತ್ರ ಸಿಗುತ್ತದೆ, ವೈದ್ಯರ ಪತ್ರವನ್ನೂ ಲಗತ್ತಿಸಬೇಕು. ದಾರಿಯಲ್ಲಿ ಅವಧಿ ಮುಗಿದರೆ ವಿಮೆಯೂ ಅಲುಗಾಡುತ್ತದೆ. ಮೂರನೆಯದು ಬೈಕಿನ ಪಾಲಿಸಿ. ಅದನ್ನು ಕನ್ನಡಕ ಹಾಕಿಕೊಂಡು ಓದಿದವರು ಮನೆಯವರೇ. ಕಡ್ಡಾಯವಾಗಿರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಮಾಲೀಕರೂ ಚಾಲಕರೂ ಆದವರಿಗೆ ಮಾತ್ರ. "ಅಂದ್ರೆ ಓಡ್ಸೋರಿಗೆ ಹದಿನೈದು ಲಕ್ಷ, ಹಿಂದೆ ಜೀವ ಹಿಡ್ಕೊಂಡು ಕೂತೋರಿಗೆ ಏನಿಲ್ವಾ?" ಎಂದರು. ಹಿಂಬದಿ ಸವಾರರ ಅಪಘಾತ ವಿಮೆಯನ್ನು ಬೇರೆಯಾಗಿ ಕೇಳಿ ಸೇರಿಸಿಕೊಳ್ಳಬೇಕು. ಬರುವ ಕಂತು ತೀರಾ ಸಣ್ಣದು, ಆದರೆ ಕೇಳದಿದ್ದರೆ ಯಾರೂ ಹೇಳುವುದಿಲ್ಲ. ಆರೋಗ್ಯ ವಿಮೆಯ ಕಂತಿನ ಮೇಲೆ ಶೇ 18 ಜಿಎಸ್‌ಟಿ ಇತ್ತಲ್ಲ, 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳಿಗೆ ಅದು ಸೊನ್ನೆಯಾಗಿದೆ. ನವೀಕರಣದ ನೋಟಿಸು ಬಂದಾಗ ಹಳೆಯ ಕಂತಿನ ಪಕ್ಕದಲ್ಲಿಟ್ಟು ನೋಡಿ, ತೆರಿಗೆ ಇಳಿದಷ್ಟು ಮೂಲ ಕಂತು ಏರಿದೆಯೇ ಎಂದು.

ಜೈಸಲ್ಮೇರಿನಿಂದ ತನೋಟ್‌ಗೆ ಸುಮಾರು 120 ಕಿ.ಮೀ. ಅರ್ಧ ದಾರಿಯಲ್ಲಿ ರಾಮಗಢ. ಆಮೇಲೆ ಡಾಂಬರು ರಸ್ತೆ, ಎರಡೂ ಕಡೆ ಮರಳು, ಆಗೊಮ್ಮೆ ಈಗೊಮ್ಮೆ ಒಂಟೆ. ತನೋಟ್ ಮಾತೆಯ ಗುಡಿಯನ್ನು ನೋಡಿಕೊಳ್ಳುವವರು ಗಡಿ ಭದ್ರತಾ ಪಡೆಯವರು. 1965ರ ಯುದ್ಧದಲ್ಲಿ ಬಿದ್ದೂ ಸಿಡಿಯದ ಪಾಕಿಸ್ತಾನಿ ಗುಂಡುಗಳನ್ನು ಒಳಗೆ ಇಟ್ಟಿದ್ದಾರೆ. ಅಲ್ಲಿಂದ ಲೊಂಗೆವಾಲಕ್ಕೆ ಹೋದೆವು, 1971ರ ಡಿಸೆಂಬರಿನಲ್ಲಿ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ತುಕಡಿ ರಾತ್ರಿಯಿಡೀ ಟ್ಯಾಂಕುಗಳನ್ನು ತಡೆದು ನಿಂತ ಜಾಗ. ಈ ದಾರಿಯಲ್ಲಿ ಮೊಬೈಲ್ ಸಂಪರ್ಕ ಬಂದು ಬಂದು ಹೋಗುತ್ತದೆ. ಫೋನ್ ತೋರಿಸಿ ದುಡ್ಡು ಕೊಡುವ ಅಭ್ಯಾಸದವರು ಟೀ ಅಂಗಡಿಯಲ್ಲೂ ಪೇಚಿಗೆ ಸಿಕ್ಕುತ್ತಾರೆ. ನಮ್ಮ ಮನೆಯವರ ಸೊಂಟದ ಚೀಲದಲ್ಲಿ ಐವತ್ತು, ನೂರರ ನೋಟುಗಳಿದ್ದವು.

ರಾಮಗಢದ ಕಡೆ ನಮ್ಮನ್ನು ನಿಲ್ಲಿಸಿದ್ದು ಗುಡಿಯಲ್ಲ, ಯುದ್ಧವಲ್ಲ, ನಾಲೆ. ಪಂಜಾಬಿನಲ್ಲಿ ಸಟ್ಲೆಜ್, ಬಿಯಾಸ್ ಕೂಡುವ ಹರಿಕೆಯಿಂದ ಹೊರಟ ನೀರು ಇಂದಿರಾ ಗಾಂಧಿ ನಾಲೆಯಲ್ಲಿ 650 ಕಿ.ಮೀ. ಹತ್ತಿರ ಹರಿದು ಈ ಮರಳಿಗೆ ಬರುತ್ತದೆ. ಮರಳಿನ ನಡುವೆ ಹಸಿರು ಹೊಲ. ನಮ್ಮ ಕಡೆ ಕೆ.ಆರ್.ಎಸ್. ಅಣೆಕಟ್ಟೆ ಮೋಟಾರು ಗಾಡಿಯಲ್ಲಿ ಹೋಗಿ ಬರುವಷ್ಟು ಹತ್ತಿರ, ಆದರೆ ಅದರ ನೀರು ತಗ್ಗಿನವರಿಗೆ. ನಾವು ಹೇಮಾವತಿಯ ನಾಗಮಂಗಲ ಶಾಖಾ ನಾಲೆ ನೋಡಿಕೊಂಡು ಕೂತವರು. "ಮರಳುಗಾಡಿಗೆ ಬತ್ತದೆ, ನಮ್ಮ ಹೊಲಕ್ಕೆ ಬರಕ್ಕೆ ಇದಕ್ಕೇನ್ ರೋಗ" ಎಂದು ಮನೆಯವರು ನಾಲೆ ಏರಿಯ ಮೇಲೆ ನಿಂತು ಬೈದರು. ನಾನೇನು ಉತ್ತರ ಹೇಳಲಿ. ಅಲ್ಲಿಯ ಸಜ್ಜೆ ರೊಟ್ಟಿ ಮಾತ್ರ ಇಬ್ಬರಿಗೂ ಒಗ್ಗಿತು. ಮುದ್ದೆ ತಿಂದವರಿಗೆ ಸಜ್ಜೆ ಪರಕೀಯವಲ್ಲ.

ಪೆಟ್ರೋಲಿನ ಲೆಕ್ಕವೊಂದನ್ನು ಹೇಳಿಬಿಡುತ್ತೇನೆ. ರಾಜಸ್ಥಾನದಲ್ಲಿ ರಾಜ್ಯದ ತೆರಿಗೆ ಹೆಚ್ಚು. ಗುಜರಾತಿಗಿಂತ ಲೀಟರಿಗೆ ಹತ್ತು ರೂಪಾಯಿಯ ಆಸುಪಾಸು ಜಾಸ್ತಿ. ಬಾರ್ಮೇರಿನಿಂದ ತೆಂಕಕ್ಕೆ ಇಳಿಯುವಾಗ ಟ್ಯಾಂಕಿನ ತಳ ಕಾಣುವಷ್ಟು ಓಡಿಸಿ, ಗಡಿ ದಾಟಿದ ಮೇಲೆ ತುಂಬಿಸುವುದು ಬೈಕಿನವರಿಗೆ ಸಣ್ಣ ಉಳಿತಾಯ.

ಕ್ಯಾರವಾನನ್ನು ನಾವು ಕರೆಸಿಕೊಂಡದ್ದು ಭುಜ್‌ಗೆ, ಕೆಲವೇ ದಿನಕ್ಕೆ. ರಣದಲ್ಲಿ ಊರುಗಳು ದೂರ ದೂರ, ಋತುವಿನಲ್ಲಿ ಡೇರೆಗಳ ಬಾಡಿಗೆ ಕಿವಿ ಹಿಂಡುತ್ತದೆ. ಗಾಲಿಯ ಮೇಲಿನ ಮನೆ ಲೆಕ್ಕಕ್ಕೆ ಕೂರುವುದು ಅಲ್ಲಿ ಮಾತ್ರ. ಖಾವಡಾದಿಂದ ಧೋಲಾವೀರಕ್ಕೆ ಎರಡೂ ಕಡೆ ಬಿಳಿ ಉಪ್ಪಿನ ನಡುವೆ ನೇರ ಹೋಗುವ ರಸ್ತೆಯಲ್ಲಿ ಮನೆಯವರು ವ್ಯಾನಿನಲ್ಲಿ, ನಾನು ಹಿಂದೆ ಬೈಕಿನಲ್ಲಿ. ಧೋಲಾವೀರ 2021ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಹರಪ್ಪ ಕಾಲದ ಊರು. ಕಲ್ಲು ಕೊರೆದು ಮಾಡಿದ ಅದರ ನೀರಿನ ಕೊಳಗಳನ್ನು ನೋಡಿದರೆ, ಮಳೆಯ ನೀರನ್ನು ಬ್ಯಾಂಕಿಗೆ ಹಾಕಿಟ್ಟವರು ಅವರು ಅನ್ನಿಸುತ್ತದೆ. ಬಾಡಿಗೆಯ ಕರಾರಿನಲ್ಲಿ ದಿನಕ್ಕಿಷ್ಟು ಕಿ.ಮೀ. ಎಂದು ಮಿತಿ ಇರುತ್ತದೆ, ದಾಟಿದರೆ ಕಿ.ಮೀ.ಗೆ ಬೇರೆ ದರ. ಗಾಡಿ ತನ್ನ ಊರಿನಿಂದ ಖಾಲಿ ಬರುವ, ಖಾಲಿ ಹೋಗುವ ದೂರವೂ ನಮ್ಮ ತಲೆಗೇ. ಚಾಲಕನ ರಾತ್ರಿ ಭತ್ಯೆ, ಟೋಲು ಯಾರದು ಎಂದು ಮೊದಲೇ ಬರೆಸಿಕೊಂಡಿದ್ದರಿಂದ ಕೊನೆಯಲ್ಲಿ ವಾಗ್ವಾದ ಇರಲಿಲ್ಲ.

ಲಖ್‌ಪತ್ ಕೋಟೆಯನ್ನೂ ನೋಡಿದೆವು. ಕಛ್ ಸಂಸ್ಥಾನಕ್ಕೆ ಕೋರಿ ಎಂಬ ಸ್ವಂತ ನಾಣ್ಯವಿತ್ತು. ಈ ಬಂದರಿನಲ್ಲಿ ದಿನಕ್ಕೆ ಲಕ್ಷ ಕೋರಿ ಹುಟ್ಟುತ್ತಿತ್ತು, ಅದಕ್ಕೇ ಲಖ್‌ಪತ್ ಎಂದು ಅಲ್ಲಿಯವರು ಹೇಳುತ್ತಾರೆ. 1819ರ ಭೂಕಂಪ ನೆಲವನ್ನು ಎತ್ತಿ, ಸಿಂಧೂ ನೀರಿನ ಕವಲನ್ನು ದೂರ ತಳ್ಳಿತು. ಕೋಟೆಯ ಗೋಡೆ ಈಗಲೂ ಗಟ್ಟಿಯಾಗಿದೆ, ಒಳಗೆ ಮನೆಗಳು ಕಡಿಮೆ. ವರಮಾನದ ಕವಲು ಒಂದೇ ಇದ್ದ ಊರು. ಹಿಂದೆ ಬರುವಾಗ ನಮ್ಮಿಬ್ಬರ ಮಾತು ತೆಂಗಿನ ತೋಟದ ಮೇಲೆ ನಡೆಯಿತು. ನುಸಿ, ರೋಗ ಬಂದ ವರ್ಷ ತೆಂಗು ಕೈಕೊಡುತ್ತದೆ. ಠೇವಣಿಯ ಅವಧಿ ಮುಗಿದಾಗ ದರ ಎಷ್ಟಿರುತ್ತದೋ. ಆದರೆ ಎರಡೂ ಒಟ್ಟಿಗೆ ಕೈಕೊಡುವುದು ಅಪರೂಪ.

ಊರು ಬಿಟ್ಟ ದಿನಗಳಿಗೂ ಖರ್ಚಿದೆ, ಅದನ್ನು ಹೆಚ್ಚಿನವರು ಬರೆಯುವುದಿಲ್ಲ. ರಾಗಿ ಹೊಲ ವಾರಕ್ಕೆ ಕೊಟ್ಟಿದ್ದೇವೆ, ಒಕ್ಕಣೆ ಮುಗಿದು ಸಂಕ್ರಾಂತಿ ಕಳೆದ ಮೇಲೇ ಹೊರಡುವುದು. ಕಾಯಿ ಕೀಳಿಸಲು, ಹಸುವಿಗೆ ಹುಲ್ಲು ಹಾಕಲು ಪಕ್ಕದ ಮನೆಯ ಹುಡುಗನಿಗೆ ಕೂಲಿ. ಅದನ್ನೂ 89,250ರ ಒಳಗೇ ಬರೆದೆವು. ಮನೆ ಬಾಗಿಲಲ್ಲೇ ಉಳಿದಿದ್ದರೆ ಆಗದ ಖರ್ಚು ಅಂದರೆ ಪ್ರವಾಸದ್ದೇ ತಾನೆ.

ಈಗ ನನ್ನ ಜೊತೆ ನಿವೃತ್ತರಾದ ಕೆಲವು ಮೇಷ್ಟ್ರುಗಳಿಗೆ ಆಸೆ ಹುಟ್ಟಿದೆ. ಕೆ.ಆರ್. ಪೇಟೆಯವರೊಬ್ಬರು, ಪಾಂಡವಪುರದವರೊಬ್ಬರು, ನಾಗಮಂಗಲದವರಿಬ್ಬರು, ನಾಲ್ಕು ಸಂಸಾರ ಸೇರಿ ಒಂದು ವ್ಯಾನು ಕೊಳ್ಳೋಣ ಅನ್ನುತ್ತಾರೆ. ನಾಲ್ವರೂ ಐವತ್ತೈವತ್ತು ದಿನ ಬಳಸಿದರೆ ಇನ್ನೂರು ದಿನವಾಯಿತು, ಆ 4,55,000 ದಿನಕ್ಕೆ 2,275ಕ್ಕೆ ಇಳಿಯುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ನೋಂದಣಿ ಯಾರ ಹೆಸರಿಗೆ, ಅವರು ತೀರಿಕೊಂಡರೆ ವಾರಸುದಾರರು ಉಳಿದ ಮೂವರಿಗೆ ಕೊಡುವುದೆಷ್ಟು, ಗುದ್ದಿದ ಗಾಡಿಯನ್ನು ಗುದ್ದಿದವರೇ ರಿಪೇರಿ ಮಾಡಿಸಬೇಕೇ, ಖಾಸಗಿ ಗಾಡಿಯಾದ್ದರಿಂದ ಬೇರೆಯವರಿಗೆ ಬಾಡಿಗೆಗೆ ಬಿಡುವಂತಿಲ್ಲ ಎನ್ನುವುದು ಎಲ್ಲರಿಗೂ ಒಪ್ಪಿಗೆಯೇ, ಇವನ್ನು ಛಾಪಾ ಕಾಗದದಲ್ಲಿ ಬರೆಯಿರಿ ಎಂದೆ. ಎಲ್ಲಕ್ಕೂ ತಲೆಯಾಡಿಸಿದರು. ಜನವರಿ, ಫೆಬ್ರವರಿ ಯಾರಿಗೆ, ಮೇ ತಿಂಗಳು ಯಾರಿಗೆ ಎಂದು ಬರೆಯುವ ಕಡೆ ಬಂದಾಗ ಕಾಫಿ ತರಿಸಿದರು. ಆ ಕಾಗದ ಇನ್ನೂ ಪಾಂಡವಪುರದವರ ಹತ್ತಿರವೇ ಇದೆ.