ಎರಡು ವರ್ಷ ಅಲ್ಲಿ, ಎರಡು ತಿಂಗಳು ಇಲ್ಲಿ
(ಸಂಘದ ಮಾಸಿಕ ಸಭೆಗಾಗಿ ಪಾಠ)



ನಮ್ಮ ಕರಾವಳಿಯ ಹಲವು ಸಂಘಗಳ ಹಾಜರಿ ಪುಸ್ತಕದಲ್ಲಿ ಒಂದೆರಡು ಹೆಸರುಗಳ ಮುಂದೆ ‘ಗಲ್ಫ್‌ನಲ್ಲಿ ಇದ್ದಾರೆ’ ಅಂತ ಬರೆದಿರುತ್ತದೆ. ಕೆಲವರು ಕುವೈತ್, ದುಬೈ, ಮಸ್ಕತ್‌ಗೆ ಮನೆಕೆಲಸಕ್ಕೋ ಆಸ್ಪತ್ರೆ ಕೆಲಸಕ್ಕೋ ಹೋದವರು. ಇನ್ನು ಕೆಲವರ ಗಂಡಂದಿರು ಅಲ್ಲಿದ್ದಾರೆ. ಎರಡು ವರ್ಷ ದುಡಿಯುವುದು, ಎರಡು ತಿಂಗಳು ರಜೆಗೆ ಬರುವುದು, ಪುನಃ ಹೋಗುವುದು. ಹೀಗೆಯೇ ಹದಿನೈದು ಇಪ್ಪತ್ತು ವರ್ಷ ಕಳೆದವರಿದ್ದಾರೆ. ಇವರ ಬದುಕು ಪೂರ್ತಿ ಅಲ್ಲಿಯದೂ ಅಲ್ಲ, ಪೂರ್ತಿ ಇಲ್ಲಿಯದೂ ಅಲ್ಲ.

ಹೊಟ್ಟೆಪಾಡಿಗಾಗಿ ಪರದೇಶಕ್ಕೆ ಹೋಗುವುದು ನಾಚಿಕೆಯ ವಿಷಯವಲ್ಲ. ಜೋಸೆಫರೂ ಮರಿಯಮ್ಮನವರೂ ಮಗುವನ್ನು ಎತ್ತಿಕೊಂಡು ಈಜಿಪ್ಟಿನಲ್ಲಿ ಪರದೇಶಿಗಳಾಗಿಯೇ ಬಾಳಿದರು. ಆದರೆ ಎರಡು ಕಡೆ ಬದುಕುವವರು ಎರಡು ಕಡೆಯ ಕಾಗದಪತ್ರವನ್ನೂ ಸರಿಯಾಗಿ ಇಟ್ಟುಕೊಳ್ಳಬೇಕು. ಈ ಪಾಠದಲ್ಲಿ ನಾವು ಕಲಿಯುವುದು ಒಂದೇ ಮಾತು: ನೀವು ಊರಲ್ಲಿ ಇಲ್ಲದಾಗಲೂ ಮನೆಯ ಕೆಲಸ ನಡೆಯಬೇಕು, ಆದರೆ ನೀವು ದುಡಿದದ್ದು ನಿಮ್ಮ ಹೆಸರಿನಲ್ಲೇ ಉಳಿಯಬೇಕು.

ಒಂದು ಉದಾಹರಣೆ

ಒಬ್ಬ ಸಹೋದರಿ ಹನ್ನೆರಡು ವರ್ಷ ಕುವೈತಿನಲ್ಲಿ ಮನೆಕೆಲಸ ಮಾಡಿದಳು ಅಂತ ಇಟ್ಟುಕೊಳ್ಳಿ. ತಿಂಗಳು ತಿಂಗಳು ಹಣವನ್ನು ಅಣ್ಣನ ಖಾತೆಗೆ ಕಳಿಸಿದಳು. ಅಣ್ಣ ಒಳ್ಳೆಯವನು, ಕುಡುಕನಲ್ಲ, ಮೋಸಗಾರನಲ್ಲ. ಆ ಹಣದಲ್ಲೇ ಹತ್ತು ಸೆಂಟ್ಸ್ ಜಾಗ ತೆಗೆದ. ತಂಗಿ ಊರಲ್ಲಿ ಇರಲಿಲ್ಲವಲ್ಲ, ರಿಜಿಸ್ಟ್ರಿ ತನ್ನ ಹೆಸರಿಗೇ ಮಾಡಿಸಿದ. ‘ಅವಳು ಬಂದ ಮೇಲೆ ಬದಲಾಯಿಸಿದರಾಯ್ತು’ ಅಂದುಕೊಂಡ. ಅವಳು ಎರಡು ಸಲ ರಜೆಗೆ ಬಂದಳು. ಒಂದು ಸಲ ಮದುವೆ ಗಡಿಬಿಡಿ, ಇನ್ನೊಂದು ಸಲ ಅಮ್ಮನ ಕಾಯಿಲೆ. ಆಮೇಲೆ ಅಣ್ಣ ಹಠಾತ್ತಾಗಿ ತೀರಿಹೋದ. ಈಗ ಆ ಜಾಗ ಅವನ ಹೆಂಡತಿ ಮಕ್ಕಳಿಗೆ. ಇವಳ ಹನ್ನೆರಡು ವರ್ಷದ ಬೆವರಿಗೆ ಒಂದು ಚೀಟಿ ಕೂಡ ಇಲ್ಲ.

ಇಲ್ಲಿ ಕೆಟ್ಟವರು ಯಾರೂ ಇಲ್ಲ. ಕಾಗದ ಇರಲಿಲ್ಲ, ಅಷ್ಟೇ.

1. ಹೋಗುವ ಮೊದಲು: ಯಾವ ವೀಸಾ?

ವಿಸಿಟ್ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರುವುದು ಬೇಡ. ತಕರಾರು ಬಂದರೆ ಕಾನೂನು ನಿಮ್ಮ ಪರ ಇರುವುದಿಲ್ಲ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ‘ಇಸಿಆರ್’ ವರ್ಗಕ್ಕೆ ಸೇರುತ್ತದೆ. ಅಂಥವರು ಗಲ್ಫ್ ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ವಲಸೆ ಅನುಮತಿ ಬೇಕು. 1983ರ ವಲಸೆ ಕಾನೂನು ಇದಕ್ಕಾಗಿಯೇ ಇದೆ. ಇಸಿಆರ್ ಪಾಸ್‌ಪೋರ್ಟಿನ ಹೆಂಗಸರು ಮನೆಕೆಲಸಕ್ಕೆ ಹೋಗುವುದಾದರೆ 30 ವರ್ಷ ಆಗಿರಬೇಕು. 2016ರಿಂದ ಅಂಥವರ ನೇಮಕ ಸರ್ಕಾರಿ ಸಂಸ್ಥೆಗಳ ಮೂಲಕ ಮಾತ್ರ. ಬೇರೆ ಕೆಲಸಗಳಿಗೆ ಕಳಿಸುವ ನೋಂದಾಯಿತ ಏಜೆಂಟ್ ಕೂಡ ತೆಗೆದುಕೊಳ್ಳಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ, ಅದಕ್ಕಿಂತ ಹೆಚ್ಚಿಲ್ಲ. ರಸೀದಿ ಕೇಳಿ ಪಡೆಯಿರಿ. ಏಜೆಂಟ್ ನೋಂದಾಯಿತನೋ ಅಲ್ಲವೋ ಅಂತ ಸರ್ಕಾರದ ‘ಇ-ಮೈಗ್ರೇಟ್’ ತಾಣದಲ್ಲಿ ನೋಡಬಹುದು.

ಇಸಿಆರ್ ವರ್ಗದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಪ್ರೀಮಿಯಂ ಕೆಲವು ನೂರು ರೂಪಾಯಿ ಮಾತ್ರ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವಿಕಲತೆ ಆದರೆ 10 ಲಕ್ಷ ರೂಪಾಯಿ ವಿಮೆ. ಪಾಲಿಸಿಯ ಪ್ರತಿ ಮನೆಯಲ್ಲಿ ಇರಲಿ. ಪಾಲಿಸಿ ಇರುವುದೇ ಮನೆಯವರಿಗೆ ಗೊತ್ತಿಲ್ಲದಿದ್ದರೆ ಪ್ರಯೋಜನ ಏನು?

2. ಬ್ಯಾಂಕ್ ಖಾತೆ: ಹಣ ಯಾರ ಹೆಸರಿಗೆ?

ಹೊರದೇಶಕ್ಕೆ ಕೆಲಸಕ್ಕೆ ಹೋದವರು ಊರಿನ ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೆಯೇ ಇಟ್ಟುಕೊಳ್ಳುವಂತಿಲ್ಲ. ಬ್ಯಾಂಕಿಗೆ ತಿಳಿಸಿ ಅದನ್ನು ‘ಎನ್‌ಆರ್‌ಒ’ ಖಾತೆಯಾಗಿ ಬದಲಾಯಿಸಬೇಕು. ಇಲ್ಲಿಯ ಬಾಡಿಗೆ, ತೆಂಗು ಅಡಿಕೆಯ ಹಣ ಇದಕ್ಕೆ ಬರುತ್ತದೆ. ಇದರ ಬಡ್ಡಿಯಲ್ಲಿ ಬ್ಯಾಂಕ್ ತೆರಿಗೆ ಹಿಡಿಯುತ್ತದೆ. ಅಲ್ಲಿ ದುಡಿದ ಹಣ ಕಳಿಸಲು ‘ಎನ್‌ಆರ್‌ಇ’ ಖಾತೆ ಬೇರೆ ತೆರೆಯಿರಿ. ಅದರ ಬಡ್ಡಿಗೆ ಇಲ್ಲಿ ಆದಾಯ ತೆರಿಗೆ ಇಲ್ಲ. ಎರಡೂ ನಿಮ್ಮ ಹೆಸರಿನಲ್ಲೇ ಇರಲಿ.

‘ಮನೆ ಖರ್ಚಿಗೆ ಏನು ಮಾಡುವುದು ಸಿಸ್ಟರ್?’ ಅಂತ ನೀವು ಕೇಳಬಹುದು. ತಿಂಗಳಿಗೆ ಇಷ್ಟು ಅಂತ ಲೆಕ್ಕ ಹಾಕಿ ಅಷ್ಟನ್ನು ಗಂಡನ ಅಥವಾ ಅಮ್ಮನ ಖಾತೆಗೆ ಕಳಿಸಿ. ಉಳಿದದ್ದು ನಿಮ್ಮ ಖಾತೆಯಲ್ಲಿ ಉಳಿಯಲಿ. ಹತ್ತಿರದ ಸಂಬಂಧಿಯನ್ನು ಎನ್‌ಆರ್‌ಇ ಖಾತೆಗೆ ಜಂಟಿಯಾಗಿ ಸೇರಿಸಲೂಬಹುದು. ಆದರೆ ನೀವು ಬದುಕಿರುವಾಗ ಬರೇ ಜಂಟಿ ಹೆಸರಿನಿಂದ ಅವರು ಹಣ ತೆಗೆಯಲು ಆಗುವುದಿಲ್ಲ. ಅದಕ್ಕೆ ನೀವು ಬ್ಯಾಂಕಿಗೆ ಬೇರೆಯೇ ಅಧಿಕಾರ ಪತ್ರ ಕೊಡಬೇಕು. ಗಂಡ ಗಲ್ಫ್‌ನಲ್ಲಿದ್ದು ಹೆಂಡತಿ ಇಲ್ಲಿದ್ದರೂ ಇದೇ ನಿಯಮ. ‘ನನ್ನ ಹೆಸರೂ ಉಂಟಲ್ಲ’ ಅಂತ ಕಷ್ಟದ ಹೊತ್ತಿನಲ್ಲಿ ಬ್ಯಾಂಕಿಗೆ ಓಡಿದರೆ ಬರಿಗೈಯಲ್ಲಿ ಬರಬೇಕಾದೀತು.

ಹುಂಡಿಯಲ್ಲಿ ಹಣ ಕಳಿಸಬೇಡಿ. ಎರಡು ಕಾಸು ಹೆಚ್ಚು ಸಿಗಬಹುದು, ಆದರೆ ಅದು ಕಾನೂನುಬಾಹಿರ. ಅಲ್ಲದೆ ಹಣ ನಿಮ್ಮದು ಅಂತ ತೋರಿಸಲು ದಾಖಲೆ ಇರುವುದಿಲ್ಲ.

ಪ್ರತಿಯೊಂದು ಖಾತೆಗೂ ನಾಮಿನಿ ಬರೆಸಿ. 2025ರ ನವೆಂಬರ್‌ನಿಂದ ಒಂದು ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಹಾಕಬಹುದು. ಆದರೆ ನಾಮಿನಿ ಅಂದರೆ ಮಾಲೀಕರಲ್ಲ. ಅವರು ಹಣವನ್ನು ಬ್ಯಾಂಕಿನಿಂದ ಪಡೆದು ವಾರಸುದಾರರಿಗೆ ಕೊಡಬೇಕಾದವರು.

3. ಸಿಮ್ ಕಾರ್ಡ್ ಸಣ್ಣ ವಿಷಯ ಅಲ್ಲ

ಬ್ಯಾಂಕಿನ ಒಟಿಪಿ ಬರುವುದು ಊರಿನ ಮೊಬೈಲ್ ನಂಬರಿಗೆ. ಆ ಸಿಮ್ ಯಾರ ಕೈಯಲ್ಲಿ ಉಂಟೋ ಖಾತೆಯ ಬೀಗದ ಕೈ ಅವರ ಹತ್ತಿರ ಇದ್ದ ಹಾಗೆ. ಸಿಮ್ಮನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ರೋಮಿಂಗ್ ಹಾಕಿಸಿ ಜೊತೆಗೆ ಒಯ್ಯಿರಿ. ಇಲ್ಲವೇ ಅಲ್ಲಿಯ ನಂಬರನ್ನು ಖಾತೆಗೆ ಸೇರಿಸಲು ಬ್ಯಾಂಕಿನಲ್ಲಿ ಕೇಳಿ. ರೀಚಾರ್ಜ್ ನಿಲ್ಲಿಸಬೇಡಿ. ಮೂರು ತಿಂಗಳು ಬಳಸದೆ ಬಿಟ್ಟ ನಂಬರನ್ನು ಕಂಪನಿ ಬಂದ್ ಮಾಡಿ ಮುಂದೆ ಬೇರೆಯವರಿಗೆ ಕೊಡಬಹುದು.

4. ಅಧಿಕಾರ ಪತ್ರ

ಜಾಗ, ಮನೆ, ಕೋರ್ಟು ಕೆಲಸಗಳಿಗೆ ಊರಿನಲ್ಲಿ ಒಬ್ಬರು ಬೇಕು. ಅದಕ್ಕೆ ಪವರ್ ಆಫ್ ಅಟಾರ್ನಿ ಕೊಡುತ್ತಾರೆ. ಒಂದು ಕೆಲಸಕ್ಕೆ ಒಂದು ಪತ್ರ ಅಂತ ಇಟ್ಟುಕೊಳ್ಳಿ. ‘ಎಲ್ಲಾ ವ್ಯವಹಾರಕ್ಕೂ, ಮಾರಾಟಕ್ಕೂ’ ಅಂತ ಬರೆದ ಕಾಗದಕ್ಕೆ ಓದದೆ ಸಹಿ ಹಾಕಬೇಡಿ. ಹೊರದೇಶದಿಂದ ಮಾಡಿಸುವುದಾದರೆ ಭಾರತದ ರಾಯಭಾರ ಕಚೇರಿಯಲ್ಲಿ ಸಹಿ ಮಾಡಿ ದೃಢೀಕರಿಸಬೇಕು. ಪತ್ರ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಕೆಲಸ ಮುಗಿದ ಮೇಲೆ ಪತ್ರವನ್ನು ರದ್ದು ಮಾಡಿ.

ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುವವರು ಶಾಲೆಗೂ ಆಸ್ಪತ್ರೆಗೂ ಒಂದೊಂದು ಪತ್ರ ಬರೆದು ಕೊಡಿ. ಮಗುವಿನ ರಕ್ತದ ಗುಂಪು, ಆಗದ ಮದ್ದು, ಆಧಾರ್ ಪ್ರತಿ ಅಜ್ಜಿಯ ಕೈಯಲ್ಲಿ ಇರಲಿ.

5. ಸಂಘದ ಲೆಕ್ಕ

ಸದಸ್ಯೆ ಹೋಗುವ ಮೊದಲಿನ ಸಭೆಯಲ್ಲೇ ಇದನ್ನು ಮಾತಾಡಿ ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಅವಳ ಉಳಿತಾಯ ಎಷ್ಟು, ಸಾಲ ಬಾಕಿ ಎಷ್ಟು, ಕಂತು ಯಾರು ಕಟ್ಟುತ್ತಾರೆ, ಎರಡು ವರ್ಷ ಸದಸ್ಯತ್ವ ಉಳಿಯುತ್ತದೋ ಇಲ್ಲವೋ? ಹೋಗುವವಳು ಬ್ಯಾಂಕಿನಲ್ಲಿ ಸಹಿ ಮಾಡುವ ಪದಾಧಿಕಾರಿ ಆಗಿದ್ದರೆ ಹೊಸಬರ ಹೆಸರಿನ ನಿರ್ಣಯವನ್ನು ಬ್ಯಾಂಕಿಗೆ ಕೊಡದೆ ವಿಮಾನ ಹತ್ತುವಂತಿಲ್ಲ. ಒಬ್ಬರ ಸಹಿ ಇಲ್ಲದೆ ಸಂಘದವರೆಲ್ಲರ ಹಣ ಸಿಕ್ಕಿಬೀಳುವುದು ಬೇಡ. ಖಾಲಿ ಚೆಕ್‌ಗಳಿಗೆ ಮೊದಲೇ ಸಹಿ ಹಾಕಿ ಇಡುವುದಂತೂ ಬೇಡವೇ ಬೇಡ.

6. ಪೆಟ್ಟಿಗೆಯಲ್ಲಿ ಏನು?

ಗಸಗಸೆ ನಮಗೆ ಪಾಯಸದ ಸಾಮಾನು. ಯುಎಇ, ಸೌದಿಯಲ್ಲಿ ಅದು ಮಾದಕ ವಸ್ತುವಿನ ಲೆಕ್ಕ. ಮಸಾಲೆ ಪುಡಿಯಲ್ಲೂ ಹಾಕಿರಬಹುದು, ವಿಚಾರಿಸಿ. ಕೊಬ್ಬರಿಯನ್ನು ಚೆಕ್-ಇನ್ ಲಗೇಜಿನಲ್ಲಿ ಇಡುವುದನ್ನು 2022ರಲ್ಲಿ ನಿಷೇಧಿಸಿದ್ದಾರೆ, ಅದರ ಎಣ್ಣೆಗೆ ಬೆಂಕಿ ಹತ್ತುವ ಅಪಾಯ ಉಂಟು. ನೋವಿನ ಮಾತ್ರೆ, ಕೆಮ್ಮಿನ ಸಿರಪ್‌ಗಳಲ್ಲಿ ಟ್ರಮಡಾಲ್, ಕೋಡಿನ್ ಇದ್ದರೆ ಅನುಮತಿ ಇಲ್ಲದೆ ಒಯ್ಯಬಾರದು. ಬಿಪಿ, ಶುಗರ್ ಮಾತ್ರೆಗಳನ್ನು ಡಾಕ್ಟರ ಚೀಟಿಯೊಂದಿಗೆ ಅದರ ಪಟ್ಟಿಯಲ್ಲೇ ಇಡಿ. ಮುಖ್ಯ ಮಾತು: ‘ನಮ್ಮ ಮಗನಿಗೆ ಕೊಟ್ಟುಬಿಡು ಬಾಯಿ’ ಅಂತ ಯಾರಾದರೂ ಕೊಟ್ಟ ಪೊಟ್ಟಣವನ್ನು ಬಿಚ್ಚಿ ನೋಡದೆ ಒಯ್ಯಬೇಡಿ. ಅವರಿಗೆ ಬೇಸರವಾದರೂ ಚಿಂತೆ ಇಲ್ಲ.

ಬಂಗಾರ ಹಾಕಿಕೊಂಡು ಹೋಗುವವರು ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ತೋರಿಸಿ ಸರ್ಟಿಫಿಕೇಟ್ ಪಡೆಯಿರಿ. ಇಲ್ಲದಿದ್ದರೆ ನಿಮ್ಮದೇ ಕರಿಮಣಿ ಸರಕ್ಕೆ ಬರುವಾಗ ಸುಂಕ ಕೇಳಬಹುದು. ಒಂದು ವರ್ಷಕ್ಕಿಂತ ಹೆಚ್ಚು ಹೊರಗೆ ಇದ್ದು ಬರುವ ಹೆಂಗಸರು ತರುವ 40 ಗ್ರಾಂವರೆಗಿನ ಆಭರಣಕ್ಕೆ ಸುಂಕದ ವಿನಾಯಿತಿ ಇದೆ. ಬಿಸ್ಕತ್ತು, ನಾಣ್ಯಕ್ಕೆ ಇದು ಸಲ್ಲುವುದಿಲ್ಲ.

7. ಅಲ್ಲಿ ಇರುವಾಗ

ಪಾಸ್‌ಪೋರ್ಟ್ ಭಾರತ ಸರ್ಕಾರದ ಸೊತ್ತು, ಯಜಮಾನರದ್ದಲ್ಲ. ಕುವೈತಿನ 2015ರ ಮನೆಕೆಲಸದವರ ಕಾನೂನಿನಂತೆ ಕೆಲಸದವಳ ಒಪ್ಪಿಗೆ ಇಲ್ಲದೆ ಅದನ್ನು ಯಜಮಾನರು ಇಟ್ಟುಕೊಳ್ಳುವ ಹಾಗಿಲ್ಲ. ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಸಬಾರದು. ವಾರದ ರಜೆ, ವರ್ಷಕ್ಕೊಮ್ಮೆ ಸಂಬಳ ಸಹಿತ ರಜೆ ಕೊಡಬೇಕು. ಕರಾರು ಮುಗಿಸಿ ಬರುವಾಗ ದುಡಿದ ವರ್ಷಕ್ಕೆ ಒಂದು ತಿಂಗಳ ಸಂಬಳದಂತೆ ಹಣ ಸಲ್ಲಬೇಕು. ಇದನ್ನು ಕೇಳಿ ಪಡೆಯುವುದು ಜಗಳವಲ್ಲ, ಹಕ್ಕು.

ಕುವೈತ್, ಸೌದಿ, ಕತಾರ್‌ನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ, ದುಬೈ, ಮಸ್ಕತ್‌ನದ್ದು ಒಂದೂವರೆ ಗಂಟೆ. ಮಕ್ಕಳು ಮಲಗುವ ಮೊದಲು ಮಾತಾಡುವ ಹೊತ್ತನ್ನು ನಿಗದಿ ಮಾಡಿ. ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ಸಾರ್ವಜನಿಕವಾಗಿ ತಿನ್ನುವುದು ಕುಡಿಯುವುದು ಬೇಡ. ಅಲ್ಲಿಯ ಚರ್ಚುಗಳಲ್ಲಿ ಶುಕ್ರವಾರವೂ ಬಲಿಪೂಜೆ ಇರುತ್ತದೆ. ಊರಿನವರ ಪರಿಚಯ ಆಗುವುದೂ ಅಲ್ಲಿಯೇ.

ತೊಂದರೆಯಾದರೆ ಭಾರತದ ರಾಯಭಾರ ಕಚೇರಿಗೆ ಹೋಗಿ. ಊರಿನಿಂದ ಮನೆಯವರು 2015ರಲ್ಲಿ ಶುರುವಾದ ‘ಮದದ್’ ತಾಣದಲ್ಲಿ ದೂರು ಕೊಡಬಹುದು ಅಥವಾ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 1800 11 3090 ನಂಬರಿಗೆ ಉಚಿತವಾಗಿ ಫೋನ್ ಮಾಡಬಹುದು.

8. ರಜೆಯ ಎರಡು ತಿಂಗಳು

ರಜೆ ಅಂದರೆ ಮದುವೆ, ರೋಸ್, ನಂಟರ ಮನೆ. ಅದೆಲ್ಲ ಬೇಕು. ಆದರೆ ಮೊದಲ ವಾರದ ಎರಡು ದಿನ ಕಾಗದಕ್ಕೆ ಇಡಿ. ಪಾಸ್‌ಬುಕ್ ಬರೆಸಿ, ನಾಮಿನಿ ನೋಡಿ, ಆರ್‌ಟಿಸಿಯಲ್ಲಿ ಯಾರ ಹೆಸರಿದೆ ನೋಡಿ, ಮನೆ ತೆರಿಗೆ ಕಟ್ಟಿ. ಜಾಗ ತೆಗೆಯುವುದಿದ್ದರೆ ನೀವು ಊರಲ್ಲಿ ಇರುವಾಗಲೇ ನಿಮ್ಮ ಹೆಸರಿಗೆ ರಿಜಿಸ್ಟ್ರಿ ಆಗಲಿ. ಪಾಸ್‌ಪೋರ್ಟಿಗೆ ಆರು ತಿಂಗಳಿಗಿಂತ ಕಡಿಮೆ ಅವಧಿ ಉಳಿದಿದ್ದರೆ ಪ್ರಯಾಣಕ್ಕೆ ಅಡ್ಡಿ.

ಹೆಚ್ಚು ದಿನ ಉಳಿಯುವಾಗಲೂ ಜಾಗ್ರತೆ. ಗಲ್ಫ್ ದೇಶಗಳಲ್ಲಿ ಸಾಮಾನ್ಯವಾಗಿ ಆರು ತಿಂಗಳು ಹೊರಗೆ ಉಳಿದರೆ ವಾಸದ ಅನುಮತಿ ರದ್ದಾಗುತ್ತದೆ. ಕುವೈತಿನಲ್ಲಿ ಮನೆಕೆಲಸದವರಿಗೆ ಈಗ ನಾಲ್ಕು ತಿಂಗಳ ಮಿತಿ. ನಿಯಮ ಬದಲಾಗುತ್ತಾ ಇರುತ್ತದೆ, ಟಿಕೆಟ್ ತೆಗೆಯುವ ಮೊದಲೇ ಕೇಳಿ.

ಎಲ್ಲಾ ಪ್ರತಿಗಳನ್ನು ಒಂದೇ ಫೈಲಿನಲ್ಲಿ ಇಡಿ: ಪಾಸ್‌ಪೋರ್ಟ್, ವೀಸಾ, ಕೆಲಸದ ಕರಾರು, ವಿಮೆ, ಖಾತೆ, ಜಾಗದ ಕಾಗದ, ಯಜಮಾನರ ವಿಳಾಸ. ಒಂದು ಪ್ರತಿ ಮನೆಯಲ್ಲಿ, ಒಂದು ನಿಮ್ಮ ಹತ್ತಿರ. ಇದು ಹೆದರಿಸಲು ಹೇಳುವ ಮಾತಲ್ಲ. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಸುಮಾರು 1,70,000 ಭಾರತೀಯರನ್ನು ವಿಮಾನದಲ್ಲಿ ಕರೆತರಬೇಕಾಯಿತು. ಆಮೇಲೆ ವಿಶ್ವಸಂಸ್ಥೆಯ ಮೂಲಕ ಪರಿಹಾರ ಬಂದಾಗ ಅರ್ಜಿಯ ಜೊತೆ ದಾಖಲೆ ಬೇಕಾಯಿತು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ಬಿದ್ದು 158 ಜನ ತೀರಿಕೊಂಡದ್ದು ನಮಗೆಲ್ಲ ನೆನಪಿದೆ. 2020ರಲ್ಲಿ ಕೊರೋನಾದಿಂದ ರಜೆಗೆ ಬಂದವರು ಇಲ್ಲೇ, ದುಡಿಯುವವರು ಅಲ್ಲೇ ಸಿಕ್ಕಿಬಿದ್ದರು. ಅಂಥ ದಿನ ಅಳುತ್ತಾ ಕಪಾಟು ಹುಡುಕುವ ಹಾಗೆ ಆಗಬಾರದು.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಹೊರದೇಶದಲ್ಲಿ ಇರುವವರು ಎಷ್ಟು? ಅವರ ಉಳಿತಾಯ, ಸಾಲದ ಬಗ್ಗೆ ನಿರ್ಣಯ ಬರೆದಿದ್ದೇವೆಯೇ?
2. ನಮ್ಮ ಮನೆಯಿಂದ ಹೋದವರು ಕಳಿಸುವ ಹಣ ಯಾರ ಖಾತೆಗೆ ಬರುತ್ತದೆ? ಅದರಿಂದ ತೆಗೆದ ಜಾಗ, ಬಂಗಾರ ಯಾರ ಹೆಸರಿನಲ್ಲಿದೆ?
3. ಅವರ ವಿಮೆ, ನಾಮಿನಿ, ಕೆಲಸದ ವಿಳಾಸ ಮನೆಯಲ್ಲಿ ಯಾರಿಗೆ ಗೊತ್ತಿದೆ?

ಈ ತಿಂಗಳ ಕೆಲಸ: ಗಲ್ಫ್‌ನಲ್ಲಿ ಇರುವ ಸದಸ್ಯೆಗೆ ಸಂಘದ ಪರವಾಗಿ ಒಬ್ಬರು ಫೋನ್ ಮಾಡಿ ಈ ಮೂರು ಪ್ರಶ್ನೆಗಳನ್ನು ಅವಳಿಗೂ ಓದಿ ಹೇಳಿ. ಅವಳ ಉತ್ತರವನ್ನು ಬರೆದುಕೊಂಡು ಮುಂದಿನ ಸಭೆಗೆ ತನ್ನಿ.